ಆಪತ್ತಿನ ಗಾಡಿಗೆ ಗಾಳಿಯಲ್ಲೂ ದಾರಿ ಬಿಡಿ

(ಕಲ್ಲೋಳಿಯಲ್ಲಿ ಜರುಗಿದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣ)



ಕೂಲಿ, ಬೋನಸ್ಸು, ತುಟ್ಟಿಭತ್ಯೆ, ತೆರಿಗೆ ಇವುಗಳ ಬಗ್ಗೆ ನಾವು ಬಹಳ ಸಭೆ ಮಾಡಿದ್ದೇವೆ, ಇನ್ನೂ ಮಾಡುವವರಿದ್ದೇವೆ. ಇಂದಿನ ಸಭೆಯ ವಿಷಯ ಕಣ್ಣಿಗೆ ಕಾಣದ್ದು. ಆಂಬುಲೆನ್ಸ್, ಅಗ್ನಿಶಾಮಕ ದಳದ ಗಾಡಿ, ಪೊಲೀಸರ 112 ಗಾಡಿ, ಮಹಾಪೂರದಲ್ಲಿ ಜನರನ್ನು ಎತ್ತುವ ದೋಣಿ, ಇವೆಲ್ಲ ಒಂದಕ್ಕೊಂದು ಮಾತಾಡುವ ಮೊಬೈಲ್ ಜಾಲದ ವಿಷಯ. ಇದು ಇಂಜಿನಿಯರರ ಮಾತು, ನಮಗೇಕೆ ಎಂದು ಯಾರಿಗಾದರೂ ಅನ್ನಿಸಿದರೆ ಅರ್ಧ ತಾಸು ತಾಳ್ಮೆಯಿಂದ ಕೇಳಬೇಕೆಂದು ಬಿನ್ನಹ. ಆಂಬುಲೆನ್ಸಿನ ಒಳಗೆ ಮಲಗುವವರು ನಾವು. ಅದು ತಡವಾಗಿ ಬಂದರೆ ಸಾಯುವವರೂ ನಾವೇ.

ರಸ್ತೆಯಲ್ಲಿ 108ರ ಗಾಡಿ ಸದ್ದು ಮಾಡುತ್ತ ಬಂದರೆ ನಾವೇನು ಮಾಡುತ್ತೇವೆ? ಕಬ್ಬು ತುಂಬಿದ ಟ್ರ್ಯಾಕ್ಟರು ಬದಿಗೆ ಸರಿಯುತ್ತದೆ. ಚಕ್ಕಡಿ ಹೊಲಕ್ಕೆ ಇಳಿಯುತ್ತದೆ. ಸಾಹುಕಾರನ ಮೋಟಾರೂ ನಿಲ್ಲುತ್ತದೆ. ಒಳಗೆ ಯಾರಿದ್ದಾರೆ, ಯಾವ ಜಾತಿ, ಎಷ್ಟು ದುಡ್ಡು ಕಟ್ಟಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಇದು ಕಾನೂನೂ ಹೌದು, ನಮ್ಮ ಜನರ ನಡತೆಯೂ ಹೌದು. ಆದರೆ ಅದೇ ಗಾಡಿಯೊಳಗಿನ ಮೊಬೈಲಿಗೆ ಗಾಳಿಯಲ್ಲಿ ಯಾರೂ ದಾರಿ ಬಿಡುವುದಿಲ್ಲ. ಸಿನಿಮಾ ನೋಡುವವನ ಫೋನು, ಕ್ರಿಕೆಟ್ ನೋಡುವವನ ಫೋನು, ಪ್ರಾಣ ಉಳಿಸಲು ಹೊರಟವನ ಫೋನು, ಎಲ್ಲವೂ ಒಂದೇ ಪಾಳಿಯಲ್ಲಿ ನಿಲ್ಲಬೇಕು. ರಸ್ತೆಯಲ್ಲಿ ಬಿಡುವ ದಾರಿಯನ್ನು ಗಾಳಿಯಲ್ಲೂ ಬಿಡಬೇಕು, ಅದನ್ನು ಬಿಡಿಸುವ ಹೊಣೆ ಸರಕಾರದ್ದು. ನಾನು ಹೇಳಬೇಕಾದ ಮಾತು ಇಷ್ಟೇ.

ನಮ್ಮ ಹೊಳೆಯ ಸಂಗತಿ

2019ರ ಆಗಸ್ಟ್ ತಿಂಗಳನ್ನು ಈ ಭಾಗದವರು ಯಾರೂ ಮರೆತಿಲ್ಲ. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಯಿತು. ಹಿಡಕಲ್ ಜಲಾಶಯ ತುಂಬಿತು. ಘಟಪ್ರಭೆಯೂ ಮಾರ್ಕಂಡೇಯವೂ ಒಟ್ಟಿಗೆ ಏರಿದವು. ಗೋಕಾಕ ಪೇಟೆಯೊಳಗೆ ನೀರು ನುಗ್ಗಿತು. ರಾಜ್ಯದ 22 ಜಿಲ್ಲೆಗಳು ನೆರೆಪೀಡಿತವೆಂದು ಸಾರಲ್ಪಟ್ಟವು. ಅವುಗಳಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಬಹಳ ನೊಂದಿತು. 2021ರ ಜುಲೈಯಲ್ಲಿ ಮತ್ತೆ ಹೊಳೆ ಬಂತು. 2024ರ ಜುಲೈಯಲ್ಲಿ ಇನ್ನೊಮ್ಮೆ ಬಂತು. ಲೋಳಸೂರಿನ ಸೇತುವೆ ಮುಳುಗಿತೆಂದರೆ ಕಲ್ಲೋಳಿಗೂ ಗೋಕಾಕಿಗೂ ನೇರ ದಾರಿ ಕಡಿಯಿತೆಂದೇ ಅರ್ಥ. ಬಾಣಂತಿಯಾಗಲಿ, ಎದೆನೋವಿನವನಾಗಲಿ, ಹಾವು ಕಚ್ಚಿದ ರೈತನಾಗಲಿ, ಸುತ್ತುಹಾಕಿ ಹೋಗಬೇಕು. ಯಾವ ದಾರಿ ತೆರೆದಿದೆ, ಯಾವ ಸೇತುವೆಯ ಮೇಲೆ ಎಷ್ಟು ನೀರಿದೆ, ಯಾವ ದವಾಖಾನೆಯಲ್ಲಿ ಹಾಸಿಗೆಯಿದೆ ಎಂಬುದು ಗಾಡಿಯವನಿಗೆ ಆ ಗಳಿಗೆಯಲ್ಲಿ ತಿಳಿಯಬೇಕು. ಒಂದು ತಾಸು ತಡವಾಗಿ ತಿಳಿದರೆ ತಿಳಿದೂ ವ್ಯರ್ಥ.

ಮಹಾಪೂರದಲ್ಲಿ ಮೊಬೈಲ್ ಏಕೆ ಕೈಕೊಡುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಗೋಪುರ ಒಂದು ಹೊತ್ತಿಗೆ ಇಷ್ಟೇ ಭಾರ ಹೊರುತ್ತದೆ. ಓಣಿಯ ನಳ ಇದ್ದ ಹಾಗೆ. ದಿನಾಲು ಹತ್ತು ಕೊಡ ತುಂಬುವಲ್ಲಿ ಒಮ್ಮೆಲೇ ನೂರು ಕೊಡ ಬಂದರೆ ಯಾರ ಕೊಡವೂ ತುಂಬುವುದಿಲ್ಲ. ಹೊಳೆ ಬಂದಾಗ ಎಲ್ಲರೂ ತಮ್ಮವರಿಗೆ ಫೋನು ಹಚ್ಚುತ್ತಾರೆ, ಎಲ್ಲರೂ ನೀರಿನ ಚಿತ್ರ ಕಳಿಸುತ್ತಾರೆ. ಅದು ಅವರ ತಪ್ಪಲ್ಲ, ಜೀವದ ಆತಂಕ ಹಾಗೆ ಮಾಡಿಸುತ್ತದೆ. ಇದು ಮೊದಲನೆಯ ಕಾರಣ.

ಎರಡನೆಯದು ವಿದ್ಯುತ್ತು. ನೀರು ನುಗ್ಗಿದ ಕಡೆ ಅಪಾಯವಾಗಬಾರದೆಂದು ಹೆಸ್ಕಾಂನವರು ಲೈನು ಕಡಿಯುತ್ತಾರೆ. ಕಡಿಯಲೇಬೇಕು. ಆಗ ಗೋಪುರ ಬ್ಯಾಟರಿಯ ಮೇಲೆ ನಿಲ್ಲುತ್ತದೆ. ಬ್ಯಾಟರಿ ಕೆಲವೇ ತಾಸಿನ ಸಂಗಾತಿ. ಆಮೇಲೆ ಡೀಸೆಲ್ ಯಂತ್ರ ಬೇಕು. ಡೀಸೆಲ್ ಬರುವುದು ರಸ್ತೆಯ ಮೇಲೆ, ರಸ್ತೆ ಇರುವುದು ನೀರಿನ ಕೆಳಗೆ. ಮೂರನೆಯದು, ಗೋಪುರದಿಂದ ಗೋಪುರಕ್ಕೆ ಮಾತು ಒಯ್ಯುವ ಕೇಬಲ್ಲು. ಅದು ಸೇತುವೆಗೆ ಅಂಟಿಕೊಂಡು ಹಾಯ್ದಿದ್ದರೆ ಸೇತುವೆಗೆ ಪೆಟ್ಟು ಬಿದ್ದಾಗ ಅದಕ್ಕೂ ಬೀಳುತ್ತದೆ. ಹೀಗೆ ಜನಕ್ಕೆ ಫೋನು ಅತ್ಯಂತ ಅಗತ್ಯವಾದ ದಿನವೇ ಅದು ಮೂಕವಾಗುತ್ತದೆ.

ಪೊಲೀಸರ ಬಳಿ ವಾಯರ್‌ಲೆಸ್ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಆಪತ್ತಿನಲ್ಲಿ ಇಂದಿಗೂ ಅದೇ ಗಟ್ಟಿ ಆಸರೆ. ಅದನ್ನು ತೆಗೆದೊಗೆಯಿರಿ ಎಂದು ನಾನು ಹೇಳುವವನಲ್ಲ. ಆದರೆ ಅದರಲ್ಲಿ ಹೋಗುವುದು ಮಾತು ಮಾತ್ರ. ಚಿತ್ರ ಹೋಗುವುದಿಲ್ಲ, ನಕಾಶೆ ಹೋಗುವುದಿಲ್ಲ, ಎದೆಯ ಬಡಿತದ ಗೆರೆ ಹೋಗುವುದಿಲ್ಲ. ಪೊಲೀಸರ ವಾಯರ್‌ಲೆಸ್ಸಿನ ಮಾತು ಆಂಬುಲೆನ್ಸಿನವನಿಗೆ ಕೇಳಿಸುವುದೂ ಇಲ್ಲ.

ಎದೆಯ ಗೆರೆ

ವೇಗದ ಜಾಲದಿಂದ ಬಡವನಿಗೆ ಏನು ಲಾಭ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಮುಂದೆ ಅವರ ಹೆಸರಿನಲ್ಲಿ ಸರಕಾರ ಹೃದಯಜ್ಯೋತಿ ಎಂಬ ಯೋಜನೆ ತಂದಿತು. ತಾಲೂಕಿನ ಸರಕಾರಿ ದವಾಖಾನೆಯಲ್ಲಿ ಇ.ಸಿ.ಜಿ. ತೆಗೆಯುತ್ತಾರೆ. ಆ ಗೆರೆಯ ಚಿತ್ರ ಅಂತರ್ಜಾಲದ ಮೂಲಕ ದೊಡ್ಡ ಹೃದಯ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿಯ ತಜ್ಞರು ನೋಡಿ ಹೇಳಿದೊಡನೆ ರಕ್ತದ ಗಡ್ಡೆ ಕರಗಿಸುವ ಬೆಲೆಯುಳ್ಳ ಇಂಜೆಕ್ಷನ್ನನ್ನು ತಾಲೂಕಿನಲ್ಲೇ ಪುಕ್ಕಟೆ ಕೊಡುತ್ತಾರೆ. ಒಳ್ಳೆಯ ಕೆಲಸ. ಯಾವ ಸರಕಾರ ಮಾಡಿದರೂ ಒಳ್ಳೆಯದನ್ನು ಒಳ್ಳೆಯದೆನ್ನಬೇಕು.

ಈಗ ಇದೇ ಕೆಲಸ ಓಡುವ ಗಾಡಿಯಿಂದಲೇ ಆಗುವಂತಿದ್ದರೆ ಏನಾದೀತು ಯೋಚಿಸಿರಿ. ಕಲ್ಲೋಳಿಯಲ್ಲಿ ರೋಗಿಯನ್ನು ಹತ್ತಿಸಿಕೊಂಡ ಕೂಡಲೇ ಗೆರೆ ಹೊರಟರೆ, ಗಾಡಿ ಗೋಕಾಕ ಮುಟ್ಟುವುದರೊಳಗೆ ಇಂಜೆಕ್ಷನ್ ತಯಾರಾಗಿರುತ್ತದೆ. ಇ.ಸಿ.ಜಿ.ಯ ಗೆರೆಗೆ ದೊಡ್ಡ ವೇಗವೂ ಬೇಡ. ಆದರೆ ನಡುದಾರಿಯಲ್ಲಿ ತುಂಡಾಗದ ಸಂಪರ್ಕ ಬೇಕು. ಸುಟ್ಟ ಗಾಯವನ್ನು ಡಾಕ್ಟರರಿಗೆ ನೇರವಾಗಿ ತೋರಿಸಬೇಕೆಂದರೆ, ಡ್ರೋನ್ ಎಂಬ ಹಾರುವ ಯಂತ್ರದಿಂದ ಹೊಳೆಯ ನಡುಗಡ್ಡೆಯಲ್ಲಿ ಯಾರು ಸಿಕ್ಕಿದ್ದಾರೆಂದು ಕಾಣಬೇಕೆಂದರೆ ವೇಗವೂ ಬೇಕು. ವೇಗದ ಮೊಬೈಲ್ ಬ್ರಾಡ್‌ಬ್ಯಾಂಡ್ ಎಂಬ ದೊಡ್ಡ ಹೆಸರಿನ ಒಳಗಿರುವ ಕೆಲಸಗಳು ಇವೇ.

ಇದನ್ನು ಸಾಧಿಸಲು ಬೇಕಾದವು ಮೂರು. ಆಪತ್ತಿನ ಕೆಲಸಕ್ಕೆಂದೇ ತೆಗೆದಿಟ್ಟ ತರಂಗಾಂತರ. ಬೇರೆಯವರ ಜಾಲದಲ್ಲಿ ಹೋಗುವಾಗ, ಗರ್ದಿಯಾದರೆ ಉಳಿದವರನ್ನು ಸರಿಸಿ ಮುಂದೆ ಹೋಗುವ ಮೊದಲ ಹಕ್ಕು. ಗಾಡಿಯ ತಲೆಯ ಮೇಲೆ ಒಳ್ಳೆಯ ಆಂಟೆನಾ ಹಾಗೂ ಒಳಗೆ ಅದರ ಯಂತ್ರ. ಗೋಪುರ ಬಿದ್ದ ಕಡೆ ಒಂದು ಗಾಡಿಯನ್ನೇ ಸಣ್ಣ ಗೋಪುರ ಮಾಡಿ ನಿಲ್ಲಿಸಿ, ಉಪಗ್ರಹದ ಮೂಲಕ ಹೊರಜಗತ್ತಿಗೆ ಜೋಡಿಸುವ ವಿದ್ಯೆಯೂ ಈಗ ಬಂದಿದೆ.

ಹೊರದೇಶದ ಪಾಠ

ಅಮೇರಿಕೆ ಶ್ರೀಮಂತ ದೇಶ. ಅಲ್ಲೂ ಈ ಪಾಠ ಹೆಣಗಳ ಲೆಕ್ಕದಿಂದಲೇ ಕಲಿಯಬೇಕಾಯಿತು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಜೋಡಿ ಕಟ್ಟಡಗಳಲ್ಲಿ ಒಂದು ಕುಸಿದ ಮೇಲೆ, ಇನ್ನೊಂದೂ ಬೀಳುವಂತಿದೆ ಎಂದು ಪೊಲೀಸ್ ಹೆಲಿಕಾಪ್ಟರಿನವರು ಮೇಲಿನಿಂದ ಕಂಡು ತಮ್ಮ ವಾಯರ್‌ಲೆಸ್ಸಿನಲ್ಲಿ ಹೇಳಿದರು. ಅಗ್ನಿಶಾಮಕರ ವಾಯರ್‌ಲೆಸ್ಸೇ ಬೇರೆ. ಆ ಎಚ್ಚರಿಕೆ ಒಳಗಿದ್ದವರಿಗೆ ಮುಟ್ಟಲಿಲ್ಲ. ಆ ದಿನ 343 ಮಂದಿ ಅಗ್ನಿಶಾಮಕರು ಸತ್ತರು. ಅದಾಗಿ ಹನ್ನೊಂದು ವರ್ಷಕ್ಕೆ, 2012ರಲ್ಲಿ, ಆಪತ್ತಿನವರಿಗೆ ಪ್ರತ್ಯೇಕ ತರಂಗಾಂತರ ಕೊಡುವ ಕಾನೂನಾಯಿತು. 2017ರಲ್ಲಿ ಆ ಜಾಲವನ್ನು ಎ.ಟಿ. ಅಂಡ್ ಟಿ. ಎಂಬ ಖಾಸಗಿ ಕಂಪನಿಗೆ 25 ವರ್ಷದ ಗುತ್ತಿಗೆಗೆ ಕೊಟ್ಟರು.

ಅಂಗಡಿಕಾರ ಬಂಧುಗಳು ಇನ್ನೊಂದು ಸಂಗತಿ ಕೇಳಬೇಕು. 2018ರಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಾಡಿಗೆ ಬೆಂಕಿ ಬಿತ್ತು. ಆ ರಾಜ್ಯ ಅದುವರೆಗೆ ಕಂಡ ಬೆಂಕಿಗಳಲ್ಲೇ ದೊಡ್ಡದು. ಸಾಂಟಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳ ತನ್ನ ಮಂದಿಯನ್ನೂ ಗಾಡಿಗಳನ್ನೂ ಕೂಡಿಸಲು ಒಂದು ಸಂಪರ್ಕದ ಗಾಡಿ ಕಳಿಸಿತ್ತು. ಅದಕ್ಕೆ ಜಾಲ ಒದಗಿಸುತ್ತಿದ್ದದ್ದು ವೆರೈಜನ್ ಎಂಬ ಕಂಪನಿ. ತಿಂಗಳ ಡೇಟಾ ಮಿತಿ ಮೀರಿತೆಂದು ಕಂಪನಿ ಗಾಡಿಯ ವೇಗವನ್ನು ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿತು. ದಳದವರು ಬೇಡಿಕೊಂಡರೆ, ಹೆಚ್ಚಿನ ದರದ ಯೋಜನೆಗೆ ಸೇರಿರಿ ಎಂಬ ಉತ್ತರ ಬಂತು. ಎದುರಿಗೆ ಬೆಂಕಿ, ಕೈಯಲ್ಲಿ ಬಿಲ್ಲು! ದಳದ ಮುಖ್ಯಸ್ಥರು ಇದನ್ನೆಲ್ಲ ಕೋರ್ಟಿಗೆ ಬರೆದುಕೊಟ್ಟ ಮೇಲೆ, ನಮ್ಮ ಸಿಬ್ಬಂದಿಯಿಂದ ತಪ್ಪಾಯಿತೆಂದು ಕಂಪನಿ ಒಪ್ಪಿತು. ಸಿಬ್ಬಂದಿ ಏನು ಮಾಡಿಯಾರು? ಲಾಭವೇ ದೇವರಾದಲ್ಲಿ ಯಂತ್ರಕ್ಕೆ ಬೆಂಕಿಯೂ ಕಾಣುವುದಿಲ್ಲ, ಬಾಕಿ ಮಾತ್ರ ಕಾಣುತ್ತದೆ.

ದಕ್ಷಿಣ ಕೊರಿಯಾದಲ್ಲಿ 2014ರ ಏಪ್ರಿಲ್ 16ರಂದು ಸೆವೊಲ್ ಎಂಬ ಹಡಗು ಮುಳುಗಿ 304 ಮಂದಿ ಹೋದರು. ಬಹುಪಾಲು ಶಾಲೆಯ ಮಕ್ಕಳು. ಆ ದುಃಖದ ನಂತರ ಅಲ್ಲಿಯ ಸರಕಾರ ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲವೂ ಒಂದೇ ಕಡೆ ಮಾತಾಡುವ ಜಾಲವನ್ನು 2021ರ ಹೊತ್ತಿಗೆ ದೇಶದ ತುಂಬ ಹರಡಿತು. ಆದರೆ ಮುಂದಿನದನ್ನೂ ಹೇಳಬೇಕು. 2022ರ ಅಕ್ಟೋಬರ್ 29ರ ರಾತ್ರಿ ರಾಜಧಾನಿಯ ಇತೆವಾನ್ ಓಣಿಯಲ್ಲಿ ಗರ್ದಿಯಲ್ಲಿ ಸಿಕ್ಕಿ 159 ಮಂದಿ ಸತ್ತರು. ಸಂಜೆ 6 ಗಂಟೆ 34 ನಿಮಿಷದಿಂದಲೇ ಜನ ಪೊಲೀಸರಿಗೆ ಫೋನು ಮಾಡಿ, ಇಲ್ಲಿ ಅನಾಹುತವಾದೀತು ಎಂದು ಒರಲಿದ್ದರು. ಫೋನು ಮುಟ್ಟಿತ್ತು. ಹೊಣೆ ಹೊರಬೇಕಾದವರು ಏಳಲಿಲ್ಲ. ಜಾಲ ಎಷ್ಟೇ ವೇಗವಾಗಿದ್ದರೂ ಅದರ ತುದಿಯಲ್ಲಿ ಕುಳಿತ ಮನುಷ್ಯ ಎದ್ದು ಓಡಬೇಕು. ಇದನ್ನು ಮರೆತರೆ ನಾವು ಯಂತ್ರದ ಭಜನೆ ಮಾಡಿದಂತಾದೀತು.

ಕಾಗದದಲ್ಲಿದೆ, ಗಾಡಿಯಲ್ಲಿಲ್ಲ

ನಮ್ಮ ದೇಶದ್ದನ್ನು ನೋಡೋಣ. ಟ್ರಾಯ್ ಎಂದು ಕರೆಯುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2018ರ ಜೂನ್ ತಿಂಗಳಲ್ಲಿ ಕೇಂದ್ರಕ್ಕೆ ಸ್ಪಷ್ಟವಾದ ಶಿಫಾರಸು ಮಾಡಿತು. ಆಪತ್ತಿನ ಕೆಲಸಕ್ಕೆ ಇಡೀ ದೇಶಕ್ಕೆ ಒಂದೇ ಬ್ರಾಡ್‌ಬ್ಯಾಂಡ್ ಜಾಲ ಕಟ್ಟಬೇಕು, ಸರಕಾರವೇ ಹಣ ಹಾಕಬೇಕು, ಗೃಹ ಇಲಾಖೆಯ ಕೆಳಗೆ ಅದಕ್ಕೊಂದು ಸಂಸ್ಥೆ ಇರಬೇಕು, ಹೋಗಲು 10 ಹಾಗೂ ಬರಲು 10 ಮೆಗಾಹರ್ಟ್ಸ್ ತರಂಗಾಂತರ ತೆಗೆದಿಡಬೇಕು ಎಂದು ಹೇಳಿತು. ಅದರ ಮರುವರ್ಷವೇ ಗೋಕಾಕಿನಲ್ಲಿ ನೀರು ನುಗ್ಗಿತು. ಆಮೇಲೆ ಎರಡು ಮಹಾಪೂರ ಬಂದು ಹೋದವು. ನಮ್ಮ ತಾಲೂಕಿನ ಗಾಡಿಗಳಿಗೆ ಆ ಜಾಲ ಇನ್ನೂ ಬರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಿದೆ. ಇವರು ಮೂರು ಸಲ ಕೊಳ್ಳೆ ಹೋದರೂ ಬಾಗಿಲು ಹಾಕಲಿಲ್ಲ.

ತರಂಗಾಂತರ ತೆಗೆದಿಡಲು ಬರುವುದಿಲ್ಲವೆ? ಬರುತ್ತದೆ. 2021ರ ಜೂನಿನಲ್ಲಿ ರೈಲ್ವೆ ಇಲಾಖೆಗೆ 700 ಮೆಗಾಹರ್ಟ್ಸಿನ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ಕೊಡಲು ಕೇಂದ್ರ ಸಂಪುಟ ಒಪ್ಪಿತು. ರೈಲಿನ ಸುರಕ್ಷತೆಗೆ ಬೇಕಿತ್ತು, ಕೊಟ್ಟರು, ಸರಿಯಾಯಿತು. ರೈಲಿಗೆ ಸಾಧ್ಯವಾದದ್ದು ಆಂಬುಲೆನ್ಸಿಗೆ ಏಕೆ ಸಾಧ್ಯವಿಲ್ಲ?

ಕಾನೂನೂ ಇದೆ. 2023ರ ದೂರಸಂಪರ್ಕ ಕಾಯಿದೆಯ 20ನೆಯ ಕಲಮು ಓದಿರಿ. ಸಾರ್ವಜನಿಕ ಆಪತ್ತಿನಲ್ಲಿ ರಕ್ಷಣಾ ಕೆಲಸದವರ ಸಂದೇಶ ಮೊದಲು ಹೋಗುವಂತೆ ಏರ್ಪಾಡು ಮಾಡುವ ಅಧಿಕಾರ ಸರಕಾರಕ್ಕಿದೆ. ಅದೇ ಕಲಮಿನಲ್ಲಿ ಸಂಪರ್ಕವನ್ನು ನಿಲ್ಲಿಸುವ ಅಧಿಕಾರವೂ ಇದೆ. ಗದ್ದಲವಾಯಿತೆಂದು ಇಂಟರ್‌ನೆಟ್ ಮುಚ್ಚುವುದರಲ್ಲಿ ನಮ್ಮ ಸರಕಾರಗಳು ಬಹಳ ಚುರುಕು. ಮುಚ್ಚಿದಾಗ ಸಾಮಾನ್ಯ ಸಿಮ್ ಹಾಕಿಕೊಂಡ ಆಂಬುಲೆನ್ಸಿನ ನಕಾಶೆಯೂ ಮುಚ್ಚುತ್ತದೆ. ಬಾಯಿ ಮುಚ್ಚಿಸಲು ತೋರುವ ಚುರುಕನ್ನು ದಾರಿ ಬಿಡಿಸಲೂ ತೋರಬೇಕೆಂದು ನಾವು ಕೇಳುತ್ತೇವೆ.

ಎಲ್ಲವನ್ನೂ ಬೆಂಗಳೂರಿನಲ್ಲಿ ಗಂಟು ಕಟ್ಟಿಡುವ ಚಾಳಿಯ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದಲ್ಲಿ 108ರ ಸೇವೆ 2008ರ ನವೆಂಬರಿನಲ್ಲಿ ಶುರುವಾಯಿತು. ಅದು ಎಷ್ಟೋ ಜೀವ ಉಳಿಸಿದೆ. ಆದರೆ 2022ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕಂಪ್ಯೂಟರಿನ ಮದರ್‌ಬೋರ್ಡು ಕೆಟ್ಟಿತು, ಇಡೀ ರಾಜ್ಯದ 108 ತತ್ತರಿಸಿತು. ಕರೆಗಳನ್ನು ಕೈಯಿಂದ ಬರೆದುಕೊಂಡು ಗಾಡಿ ಕಳಿಸಬೇಕಾಯಿತು. ಒಂದು ಪೆಟ್ಟಿಗೆ ಕೆಟ್ಟರೆ ಬೀದರದಿಂದ ಚಾಮರಾಜನಗರದವರೆಗೆ ರೋಗಿ ಕಾಯಬೇಕೆ? ಲೋಹಿಯಾ ಅವರು ಚೌಖಂಬಾ ರಾಜ್ಯವೆಂದು ಹೇಳುತ್ತಿದ್ದರು. ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ಆಡಳಿತ ನಿಲ್ಲಬೇಕೆಂಬುದು ಅವರ ವಿಚಾರ. ಆಪತ್ತಿನ ಜಾಲಕ್ಕೆ ಆ ಮಾತು ಅಕ್ಷರಶಃ ಸಲ್ಲುತ್ತದೆ. ಬೆಂಗಳೂರಿನ ಕಂಬ ಬಿದ್ದರೆ ಬೆಳಗಾವಿಯ ಕಂಬ ನಿಲ್ಲಬೇಕು. ಬೆಳಗಾವಿಯದು ಬಿದ್ದರೆ ಗೋಕಾಕ, ಮೂಡಲಗಿ, ಹುಕ್ಕೇರಿಯವು ನಿಲ್ಲಬೇಕು.

ಅಲೆ ಯಾರ ಸೊತ್ತು?

ಗಾಳಿಯ ಅಲೆಗಳು ಸಾರ್ವಜನಿಕ ಸೊತ್ತೆಂದು 1995ರಲ್ಲೇ ನಮ್ಮ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಹೊಳೆಯ ನೀರು, ಊರ ಗೋಮಾಳ ಇದ್ದ ಹಾಗೆ. 2022ರ ಹರಾಜಿನಲ್ಲಿ ಸರಕಾರ ಈ ಸೊತ್ತನ್ನು ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಕಂಪನಿಗಳಿಗೆ ಕೊಟ್ಟಿತು. ಗೋಮಾಳವನ್ನೆಲ್ಲ ಹರಾಜು ಹಾಕಿ, ಸ್ಮಶಾನಕ್ಕೆ ಹೋಗುವ ದಾರಿಯನ್ನೂ ಉಳಿಸದಿದ್ದರೆ ಊರಿನವರು ಸುಮ್ಮನಿರುತ್ತಾರೆಯೆ?

ಸರಕಾರಿ ಸಂಸ್ಥೆ ಏನು ಮಾಡೀತು ಎಂದು ಮೂಗು ಮುರಿಯುವವರಿಗೆ ವಯನಾಡಿನ ಉತ್ತರವಿದೆ. 2024ರ ಜುಲೈ 30ರಂದು ಅಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲೆಯಲ್ಲಿ ಇದ್ದದ್ದು ಬಿ.ಎಸ್.ಎನ್.ಎಲ್. ಗೋಪುರ ಒಂದೇ. ವಿದ್ಯುತ್ತು ಹೋದಾಗ ಡೀಸೆಲ್ ಯಂತ್ರದಿಂದ ಅದನ್ನು ನಡೆಸಿದರು. ಅವಸರದಲ್ಲಿ ಅದಕ್ಕೆ 4ಜಿ ಜೋಡಿಸಿ ರಕ್ಷಣೆಯವರಿಗೆ ಒದಗಿಸಿದರು. ಲಾಭವಿಲ್ಲದ ಗುಡ್ಡದಲ್ಲಿ ಗೋಪುರ ನಿಲ್ಲಿಸಿದ್ದು ಸಾರ್ವಜನಿಕ ಸಂಸ್ಥೆ. 2025ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ ಸ್ವದೇಶಿ 4ಜಿಯ ಸುಮಾರು 97,500 ಗೋಪುರಗಳನ್ನು ದೇಶಕ್ಕೆ ಒಪ್ಪಿಸಿತು. ಆಪತ್ತಿನ ಜಾಲಕ್ಕೆ ಅಡಿಪಾಯ ಇಲ್ಲೇ ಇದೆ. ಮತ್ತೆ ಹೊಸದಾಗಿ ಯಾರಿಗೂ ಗುತ್ತಿಗೆ ಕೊಡುವ ಕಾರಣವಿಲ್ಲ.

ಹಣ ಎಲ್ಲಿಂದ ಎಂದು ವ್ಯಾಪಾರಸ್ಥರು ಕೇಳುವುದು ನ್ಯಾಯ. ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ನೂರಕ್ಕೆ ಐದು ಪಾಲನ್ನು ಹಳ್ಳಿಗಳ ಸೇವೆಗೆಂದು ಒಂದು ನಿಧಿಗೆ ಕಟ್ಟುತ್ತವೆ. ಮೊದಲು ಅದಕ್ಕೆ ಸಾರ್ವತ್ರಿಕ ಸೇವಾ ನಿಧಿ ಎನ್ನುತ್ತಿದ್ದರು, ಈಗ ಡಿಜಿಟಲ್ ಭಾರತ ನಿಧಿ ಎನ್ನುತ್ತಾರೆ. ಆ ಐದು ಪಾಲು ನಮ್ಮ ನಿಮ್ಮ ರಿಚಾರ್ಜಿನಿಂದಲೇ ಹೋದದ್ದು. ಅದರಿಂದ ಖರ್ಚು ಮಾಡಲಿ. ಹೊಸ ತೆರಿಗೆ ಬೇಡ.

ಕಾರ್ಮಿಕ ಸಂಗಾತಿಗಳ ಪ್ರಶ್ನೆ ಇನ್ನೂ ಗಂಭೀರ. 108ರ ಗಾಡಿ ನಡೆಸುವವರಿಗೇ ಸಂಬಳ ತಿಂಗಳುಗಟ್ಟಲೆ ತಡವಾಗಿ ಅವರು ಬೀದಿಗಿಳಿದದ್ದುಂಟು. ಆಶಾ ತಾಯಂದಿರಿಗೆ ಗೌರವಧನವೆಂಬ ಹೆಸರಿನಲ್ಲಿ ಚಿಲ್ಲರೆ ಕೊಡುತ್ತಾರೆ. ಹೊಟ್ಟೆಗಿಲ್ಲದವನಿಗೆ ವೇಗದ ಜಾಲ ಏತಕ್ಕೆ ಎಂದು ನೀವು ಕೇಳಿದರೆ ನಾನು ಒಪ್ಪುತ್ತೇನೆ. ಆದ್ದರಿಂದಲೇ ಈ ಎರಡನ್ನೂ ಒಟ್ಟಿಗೆ ಕೇಳಬೇಕು. ಗಾಡಿಗೆ ಯಂತ್ರ ಬರುವ ದಿನ ಅದರ ಚಾಲಕನಿಗೂ ಶುಶ್ರೂಷಕನಿಗೂ ತಿಂಗಳ ಮೊದಲ ವಾರದಲ್ಲೇ ಸಂಬಳ ಬರಬೇಕು. ಆ ಯಂತ್ರ ಅವರ ಮೇಲೆ ಕಣ್ಣಿಡುವ ಚಾಡಿಕೋರನಾಗಬಾರದು, ಕೆಲಸದ ಕೈಗೆ ಸಲಕರಣೆಯಾಗಬೇಕು.

ಒಂದು ಇತಿಹಾಸ ನೆನಪಿಸುತ್ತೇನೆ. ಗೋಕಾಕ ಫಾಲ್ಸಿನ ನೀರಿನಿಂದ ಬಹಳ ಹಿಂದೆಯೇ ವಿದ್ಯುತ್ತು ತೆಗೆದರು. ದೇಶದಲ್ಲಿ ಬಹಳ ಮುಂಚಿನ ಪ್ರಯತ್ನಗಳಲ್ಲಿ ಅದೊಂದು. ಗಿರಣಿಗೆ ಶಕ್ತಿ ಬಂತು. ಸುತ್ತಲಿನ ಹಳ್ಳಿಯ ಗುಡಿಸಲಿಗೆ ದೀಪ ಬರಲು ಎಷ್ಟು ತಲೆಮಾರು ಕಾಯಬೇಕಾಯಿತೆಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿರಿ. ಹೊಸ ವಿದ್ಯೆ ಮೊದಲು ಲಾಭದ ಮನೆಗೆ ಹೋಗುತ್ತದೆ. ಕೇಳದಿದ್ದರೆ ಬಡವನ ಮನೆಗೆ ಕೊನೆಗೆ ಬರುತ್ತದೆ. ಇನ್ನೊಮ್ಮೆ ಹಾಗಾಗಗೊಡಬಾರದು.

ಈಗ ಮಾಡಬೇಕಾದ್ದು

2005ರ ವಿಪತ್ತು ನಿರ್ವಹಣಾ ಕಾಯಿದೆಯ 31ನೆಯ ಕಲಮಿನ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ಯೋಜನೆ ಇರಬೇಕು. ಅದರಲ್ಲಿ ಸಂಪರ್ಕದ ಏರ್ಪಾಡು ಬರೆದಿರಬೇಕು. ವರ್ಷಕ್ಕೊಮ್ಮೆ ಅದನ್ನು ತಿದ್ದಬೇಕು. ಜಿಲ್ಲಾಧಿಕಾರಿಗಳೇ ಆ ಪ್ರಾಧಿಕಾರದ ಅಧ್ಯಕ್ಷರು. ಆದ್ದರಿಂದ ನಮ್ಮ ಬೇಡಿಕೆಯ ಬಾಗಿಲು ದಿಲ್ಲಿಯಲ್ಲಿ ಮಾತ್ರವಿಲ್ಲ, ಬೆಳಗಾವಿಯಲ್ಲೂ ಇದೆ. ಈ ಸಭೆಯ ಮುಂದೆ ನಾನು ಈ ಠರಾವನ್ನು ಇಡುತ್ತೇನೆ:

ಒಂದು, ಜಿಲ್ಲೆಯ ವಿಪತ್ತು ಯೋಜನೆಯ ಸಂಪರ್ಕದ ಭಾಗವನ್ನು ಮಳೆಗಾಲಕ್ಕೆ ಮುಂಚೆ ಪ್ರತಿ ಪಟ್ಟಣ ಪಂಚಾಯಿತಿ ಹಾಗೂ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.

ಎರಡು, ಘಟಪ್ರಭೆ, ಮಾರ್ಕಂಡೇಯ, ಹಿರಣ್ಯಕೇಶಿ ದಂಡೆಗಳ ಗೋಪುರಗಳಲ್ಲಿ ಯಾವುದಕ್ಕೆ ಎಷ್ಟು ತಾಸಿನ ಬ್ಯಾಟರಿಯಿದೆ, ಡೀಸೆಲ್ ಎಲ್ಲಿದೆ ಎಂದು ತಪಾಸಣೆ ಮಾಡಿ ಪಟ್ಟಿ ಪ್ರಕಟಿಸಬೇಕು. ಎತ್ತರದ ಜಾಗದಲ್ಲಿ ಡೀಸೆಲನ್ನು ಮುಂಗಡ ಇಡಬೇಕು.

ಮೂರು, ಹೊಳೆ ಬಂದ ದಿನ ಯಾವ ಕಂಪನಿಯ ಸಿಮ್ ಆದರೂ ಬದುಕಿರುವ ಯಾವುದೇ ಗೋಪುರದಿಂದ ನಡೆಯುವಂತೆ ಆಜ್ಞೆಯಾಗಬೇಕು. 2024ರ ಅಕ್ಟೋಬರಿನ ದಾನಾ ಚಂಡಮಾರುತದಲ್ಲಿ ಕೇಂದ್ರ ಇದನ್ನು ಮಾಡಿಸಿತು. ನಮ್ಮ ಹೊಳೆಗೂ ಮಾಡಿಸಲಿ.

ನಾಲ್ಕು, 20ನೆಯ ಕಲಮಿನ ಮೊದಲ ಹಕ್ಕನ್ನು ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್, ಹೆಸ್ಕಾಂ ಲೈನ್‌ಮನ್ನರಿಗೆ ಕೂಡಲೇ ಕೊಡಬೇಕು. 2018ರ ಶಿಫಾರಸಿನಂತೆ ತರಂಗಾಂತರ ತೆಗೆದಿಟ್ಟು, ಸಾರ್ವಜನಿಕ ಒಡೆತನದಲ್ಲಿ ಜಾಲ ಕಟ್ಟಬೇಕು.

ಐದು, ಬೆಂಗಳೂರಿನ ಕೇಂದ್ರ ಕೆಟ್ಟಾಗ ಜಿಲ್ಲೆಯಿಂದಲೇ ಗಾಡಿ ಕಳಿಸುವ ಎರಡನೆಯ ಏರ್ಪಾಡು ಬೆಳಗಾವಿಯಲ್ಲಿ ಇರಬೇಕು. ಗಾಡಿಯ ಸಿಬ್ಬಂದಿಗೆ ಸಕಾಲದಲ್ಲಿ ಸಂಬಳ ಸಿಗಬೇಕು.

ಈ ಐದರಲ್ಲಿ ಮೊದಲ ಎರಡಕ್ಕೆ ದೊಡ್ಡ ಖರ್ಚಿಲ್ಲ. ಅವುಗಳನ್ನು ಈ ಮಳೆಗಾಲಕ್ಕೆ ಮುಂಚೆಯೇ ಮಾಡಿಸಬಹುದು. ಗಿರಣಿಯ ಸಂಗಾತಿಗಳು ಪಾಳಿಗೊಬ್ಬರಂತೆ, ಪೇಟೆಯ ಬಂಧುಗಳು ಓಣಿಗೊಬ್ಬರಂತೆ ಹೆಸರು ಕೊಡಿರಿ. ಗೋಪುರಗಳ ಪಟ್ಟಿಯನ್ನು ನಾವೇ ತಿರುಗಾಡಿ ಬರೆಯೋಣ. ಸಹಿ ಕೂಡಿಸಿ ಮೊದಲು ತಹಶೀಲದಾರರ ಬಳಿಗೆ, ಅಲ್ಲಿ ಆಗದಿದ್ದರೆ ಜಿಲ್ಲಾಧಿಕಾರಿಗಳ ಬಳಿಗೆ ಹೋಗೋಣ. ಅಲ್ಲೂ ಆಗದಿದ್ದರೆ ಕಚೇರಿಯ ಮೆಟ್ಟಿಲ ಮೇಲೆ ಕೂಡೋಣ. ಠರಾವನ್ನು ಒಪ್ಪುವವರು ಕೈ ಎತ್ತಬೇಕೆಂದು ಅಧ್ಯಕ್ಷರ ಅಪ್ಪಣೆಯಿಂದ ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.